ಬಾಡಿಗೆ ಫ್ಲ್ಯಾಟ್: ಯಾವ ಸೌಲಭ್ಯಕ್ಕೆ ದುಡ್ಡು ಕೊಟ್ಟೆವು, ಯಾವುದನ್ನು ಬಿಟ್ಟೆವು

ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದೀನಿ ಅಂದರೆ ಬ್ರೋಕರ್ ಮೊದಲು ವಾಟ್ಸ್ಆ್ಯಪ್‌ಗೆ ಕಳಿಸುವುದು ಸ್ವಿಮ್ಮಿಂಗ್ ಪೂಲ್ ಫೋಟೊ. ಆಮೇಲೆ ಜಿಮ್, ಕ್ಲಬ್ ಹೌಸ್, ಟೆನ್ನಿಸ್ ಕೋರ್ಟ್. ಅಡುಗೆಮನೆ ಫೋಟೊ ಕೊನೆಗೆ ಬರುತ್ತದೆ. ನೀರು ಎಲ್ಲಿಂದ ಬರುತ್ತದೆ ಅನ್ನುವ ಮಾತು ನಾವಾಗಿ ಕೇಳುವವರೆಗೆ ಬರುವುದೇ ಇಲ್ಲ. ನಾವು ಮನೆ ಬದಲಿಸುವಾಗ ಈ ಸಾಲನ್ನು ತಲೆಕೆಳಗು ಮಾಡಿಕೊಂಡು ನೋಡಿದೆವು. ಅದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನಮ್ಮನೆಯವರು, ಎರಡನೇ ಕ್ಲಾಸು ಓದುವ ಮಗಳು, ಹಾಸನದಿಂದ ಬಂದು ನಮ್ಮ ಜೊತೆ ಇರುವ ಅತ್ತೆ. ಅತ್ತೆಗೆ ಮೊಣಕಾಲು ನೋವು. ಇಷ್ಟು ಗೊತ್ತಿದ್ದರೆ ನಮ್ಮ ಲೆಕ್ಕ ನಿಮಗೆ ಅರ್ಥವಾಗುತ್ತದೆ. ಒಬ್ಬರೇ ಇರುವ ಹುಡುಗರಿಗೆ ಈ ಲೆಕ್ಕ ಬೇರೆ ಥರ ಇರುತ್ತದೆ.

ಪ್ರತಿಯೊಂದು ಸೌಲಭ್ಯಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆವು. ಇದು ಈ ಮನೆಯಲ್ಲಿ ಇಲ್ಲದಿದ್ದರೆ ಹೊರಗೆ ದುಡ್ಡು ಕೊಟ್ಟು ಪಡೆಯಬಹುದಾ? ಪಡೆಯಬಹುದು ಅಂದರೆ ಹೊರಗೆ ಅದಕ್ಕೆ ಎಷ್ಟಾಗುತ್ತದೋ ಅಷ್ಟೇ ಅದರ ಬೆಲೆ, ಒಂದು ರೂಪಾಯಿ ಜಾಸ್ತಿ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಆಮೇಲೆ ತರಲು ಆಗುವುದಿಲ್ಲ ಅಂದರೆ ಅದಕ್ಕೆ ಬಾಡಿಗೆಯಲ್ಲೇ ಕೊಡಬೇಕು, ಖುಷಿಯಿಂದ ಕೊಡಬೇಕು. ಜಿಮ್ ರಸ್ತೆಗೆ ಒಂದಿದೆ. ಇನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಲಿಫ್ಟ್ ಸಿಗುತ್ತದಾ? ಕಿಟಕಿಯಿಂದ ಬರುವ ಗಾಳಿ ಸಿಗುತ್ತದಾ?

ಹತ್ತಾರು ಮನೆ ನೋಡಿ ಕೊನೆಗೆ ಉಳಿದದ್ದು ಎರಡು. ಎರಡೂ 2 ಬಿಎಚ್‌ಕೆ, ಎರಡೂ ಮೆಟ್ರೋ ನೇರಳೆ ಮಾರ್ಗಕ್ಕೆ ಹತ್ತಿರ. ಒಂದು ದೊಡ್ಡ ಗೇಟೆಡ್ ಅಪಾರ್ಟ್‌ಮೆಂಟು. ಬಾಡಿಗೆ 38,000, ಮೇಂಟೆನೆನ್ಸ್ 5,500. ಇನ್ನೊಂದು ಎರಡೇ ಬ್ಲಾಕ್ ಇರುವ ಹಳೇ ಅಪಾರ್ಟ್‌ಮೆಂಟು. ಬಾಡಿಗೆ 31,000, ಮೇಂಟೆನೆನ್ಸ್ 2,500. ತಿಂಗಳಿಗೆ 10,000 ವ್ಯತ್ಯಾಸ, ವರ್ಷಕ್ಕೆ 1,20,000. ಜೊತೆಗೆ ಅಡ್ವಾನ್ಸ್ ಕೂಡ ಬಾಡಿಗೆಯ ಮೇಲೇ ಲೆಕ್ಕ ಹಾಕುವುದರಿಂದ ಅಲ್ಲೂ ಜಾಸ್ತಿ ದುಡ್ಡು ಕಟ್ಟಿಹೋಗುತ್ತದೆ. ಪ್ರತಿ ವರ್ಷ ಬಾಡಿಗೆ ಏರುವುದೂ ಪರ್ಸೆಂಟ್ ಲೆಕ್ಕದಲ್ಲೇ ಅಲ್ವಾ.

ಆ 10,000ಕ್ಕೆ ಏನೇನು ಬರುತ್ತದೆ ಅಂತ ಹಾಳೆ ತೆಗೆದುಕೊಂಡು ಬರೆದೆವು. ಜಿಮ್‌ಗೆ ಹೋಗುವವರು ನಮ್ಮಲ್ಲಿ ಒಬ್ಬರೇ. ಹತ್ತಿರದ ಜಿಮ್‌ನಲ್ಲಿ ವರ್ಷದ್ದು ಒಟ್ಟಿಗೆ ಕಟ್ಟಿದರೆ ತಿಂಗಳಿಗೆ 1,500 ಬೀಳುತ್ತಿತ್ತು. ಅದಕ್ಕೆ 1,500 ಅಂತ ಬರೆದೆವು. ಟೆನ್ನಿಸ್ ಆಡುವವರು ಯಾರೂ ಇಲ್ಲ, ಸೊನ್ನೆ. ಪಾರ್ಟಿ ಹಾಲ್ ವಿಚಾರ ವಿಚಾರಿಸಿದರೆ ಅಲ್ಲಿನವರಿಗೂ ದಿನದ ಬಾಡಿಗೆ ಬೇರೆ ಕಟ್ಟಬೇಕು ಅಂದರು. ಹಾಗಾದರೆ ಅದೂ ಸೊನ್ನೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಫೋಟೊದಲ್ಲಿ ಇರುವುದೆಲ್ಲ ಬಾಡಿಗೆದಾರರಿಗೆ ಸುಮ್ನೆ ಸಿಗುತ್ತದೆ ಅಂತ ತಿಳಿಯಬೇಡಿ. ಕೆಲವು ಕಡೆ ಕ್ಲಬ್ ಹೌಸ್‌ಗೆ ಬಾಡಿಗೆದಾರರು ಬೇರೆ ಫೀ ಕಟ್ಟಬೇಕು. ಸಾಮಾನು ತರುವಾಗ ಶಿಫ್ಟಿಂಗ್ ಚಾರ್ಜ್ ಅಂತ ಸಾವಿರಗಟ್ಟಲೆ ತೆಗೆದುಕೊಳ್ಳುವ ಅಪಾರ್ಟ್‌ಮೆಂಟ್ ಸಂಘಗಳೂ ಇವೆ, ಅದು ವಾಪಸ್ ಬರುವುದಿಲ್ಲ. ಓನರ್‌ಗೆ ಎಷ್ಟೋ ಸಲ ಈ ನಿಯಮಗಳು ಗೊತ್ತಿರುವುದಿಲ್ಲ. ಸಂಘದ ಆಫೀಸಿಗೇ ಹೋಗಿ ಕೇಳಿ.

ಈಜುಕೊಳದ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತು, ಮಗಳಿಗೆ ಆಸೆ ಇತ್ತು. ಆದರೆ 2024ರ ಬೇಸಿಗೆ ನಮಗಿನ್ನೂ ನೆನಪಿದೆ. ಆ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಮಕ್ಕಳಿಗೆ ಶಾಲೆ ರಜೆ ಇರುವ, ನೀರಿಗೆ ಇಳಿಯಬೇಕು ಅನ್ನಿಸುವ ತಿಂಗಳುಗಳಲ್ಲೇ ನೀರಿಗೆ ಬರ. ಉಳಿದ ತಿಂಗಳು ಬೆಂಗಳೂರಿನ ಚಳಿ, ಮಳೆ. ಆದರೆ ಕೊಳದ ಖರ್ಚು ಮಾತ್ರ ಪ್ರತಿ ತಿಂಗಳೂ ಮೇಂಟೆನೆನ್ಸ್‌ನಲ್ಲಿ ಸೇರಿರುತ್ತದೆ. ಬೇಸಿಗೆ ಶಿಬಿರಕ್ಕೆ ಸೇರಿಸಿದರೆ ಕೋಚ್ ಕೈಯಲ್ಲಿ ಸರಿಯಾಗಿ ಕಲಿಯುತ್ತಾಳೆ ಅಂತ ತೀರ್ಮಾನ ಮಾಡಿದೆವು.

ಇನ್ನು ನೀರು. ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಇದಕ್ಕೇ. ನನ್ನ ಪ್ರಕಾರ ಈ ಊರಲ್ಲಿ ಇದಕ್ಕಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ.

ಮಹದೇವಪುರ, ವೈಟ್‌ಫೀಲ್ಡ್ ಭಾಗಕ್ಕೆ ಬಹಳ ವರ್ಷ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ. ಅಂದಿನಿಂದ ಬ್ರೋಕರ್‌ಗಳು 'ಕಾವೇರಿ ಇದೆ ಮೇಡಂ' ಅಂತ ಧಾರಾಳವಾಗಿ ಹೇಳುತ್ತಾರೆ. ಆದರೆ ರಸ್ತೆಯಲ್ಲಿ ಪೈಪ್ ಹೋಗಿರುವುದು ಬೇರೆ, ಆ ಅಪಾರ್ಟ್‌ಮೆಂಟು ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಂಡಿರುವುದು ಬೇರೆ. ಕನೆಕ್ಷನ್ ಇದ್ದರೂ ಎಷ್ಟು ನೀರು ಬರುತ್ತದೆ ಅನ್ನುವುದು ಮತ್ತೂ ಬೇರೆ. ಹಾಗಾಗಿ ಜಲಮಂಡಳಿ ಬಿಲ್ ತೋರಿಸಿ ಅಂತ ಕೇಳಿದೆ. ಹಳೇ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಂಕಲ್ ಫೈಲ್ ತೆಗೆದು ತೋರಿಸಿಯೇಬಿಟ್ಟರು. 'ಇದುವರೆಗೆ ಬಾಡಿಗೆಗೆ ಬಂದ ಯಾರೂ ಇದನ್ನ ಕೇಳಿರಲಿಲ್ಲಮ್ಮ' ಅಂದರು.

ಬಿಲ್ ಸಿಗದಿದ್ದರೂ ಚಿಂತೆ ಇಲ್ಲ, ನೋಟಿಸ್ ಬೋರ್ಡ್ ಇದೆ. ಹೆಚ್ಚಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಪಕ್ಕದಲ್ಲಿ ತಿಂಗಳ ಖರ್ಚಿನ ಹಾಳೆ ಅಂಟಿಸಿರುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲಿಫ್ಟ್ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ), ಡೀಸೆಲ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ವಾಟರ್ ಟ್ಯಾಂಕರ್ ಅಂತ ಸಾಲು ಸಾಲಾಗಿ ಇರುತ್ತದೆ. ದೊಡ್ಡ ಅಪಾರ್ಟ್‌ಮೆಂಟಿನ ಬೋರ್ಡಿನಲ್ಲಿ ಟ್ಯಾಂಕರ್ ಸಾಲಿನ ಮುಂದೆ ಇದ್ದ ಮೊತ್ತ ಸೆಕ್ಯುರಿಟಿ ಸಂಬಳಕ್ಕಿಂತ ಜಾಸ್ತಿ ಇತ್ತು. ಆ ಒಂದು ಸಾಲು ಸಾಕಾಯಿತು. ಟ್ಯಾಂಕರ್ ನೀರನ್ನೇ ನಂಬಿಕೊಂಡ ಕಡೆ ಮೇಂಟೆನೆನ್ಸ್ 5,500 ಅಂತ ಹೇಳಿದ್ದು ಬೇಸಿಗೆಯಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. 2024ರಲ್ಲಿ ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಲು ಶುರುಮಾಡಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ, 10 ಕಿಲೋಮೀಟರ್‌ವರೆಗೆ 1,200. ಮನೆಗೊಂದು ನೀರಿನ ಮೀಟರ್ ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಎಷ್ಟೇ ಮಿತವಾಗಿ ಬಳಸಿದರೂ ಎಲ್ಲರ ಪಾಲನ್ನು ಸಮವಾಗಿ ಹಂಚುತ್ತಾರೆ.

ನೀರಿನ ಗುಣ ನೋಡುವುದಕ್ಕೆ ಟಿಡಿಎಸ್ (ನೀರಲ್ಲಿ ಕರಗಿರುವ ಲವಣ) ಅಳೆಯುವ ಮೀಟರ್ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಪೆನ್ನಿನಷ್ಟು ಉದ್ದ, ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಬರುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ. ಮೀಟರ್ ಇಲ್ಲದಿದ್ದರೂ ಬಾತ್‌ರೂಮ್ ಎಲ್ಲ ಹೇಳುತ್ತದೆ. ಶವರ್ ತೂತುಗಳನ್ನು ಬೆರಳಲ್ಲಿ ಸವರಿ ನೋಡಿ. ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ, ನಲ್ಲಿಯ ಬುಡದಲ್ಲಿ ಸುಣ್ಣ ಕಟ್ಟಿದ್ದರೆ ಅದು ಗಡಸು ನೀರು. ಅಂಥಲ್ಲಿ ಗೀಸರ್ ಕಾಯಿಲ್, ವಾಷಿಂಗ್ ಮಷೀನ್ ಎರಡೂ ಬೇಗ ಕೈಕೊಡುತ್ತವೆ. ಬೇಳೆ ಬೇಗ ಬೇಯುವುದಿಲ್ಲ, ತಲೆಕೂದಲು ಒರಟಾಗುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಇದೆ ಅಂದರೆ ಅದಕ್ಕೆ ಉಪ್ಪು ಯಾವಾಗ ಹಾಕುತ್ತಾರೆ ಅಂತ ಪ್ಲಂಬರ್‌ನ ಕೇಳಿ. ಸರಿಯಾಗಿ ನಡೆಯುತ್ತಿರುವ ಸಾಫ್ಟ್‌ನರ್‌ಗೆ ನಾನು ತಿಂಗಳಿಗೆ 500 ಜಾಸ್ತಿ ಕೊಡಲು ತಯಾರಿದ್ದೆ.

ಲಿಫ್ಟ್ ವಿಷಯದಲ್ಲಿ ಯೋಚನೆಯೇ ಇರಲಿಲ್ಲ. ಮೂರನೇ ಮಹಡಿ, ಅತ್ತೆಯ ಮೊಣಕಾಲು. ಕರೆಂಟ್ ಹೋದಾಗ ಲಿಫ್ಟ್ ಜನರೇಟರ್ ಮೇಲೆ ಓಡುತ್ತದಾ ಅನ್ನುವುದಷ್ಟೇ ನಮಗೆ ಮುಖ್ಯವಾಗಿತ್ತು. ಎರಡೂ ಕಡೆ ಓಡುತ್ತಿತ್ತು. ಮನೆಯೊಳಗಿನ ಪವರ್ ಬ್ಯಾಕಪ್ ಬೇರೆ ಮಾತು. '100% ಬ್ಯಾಕಪ್' ಅಂದರೆ ಎಲ್ಲ ಸ್ವಿಚ್ಚೂ ನಡೆಯುತ್ತದೆ ಅಂತಲ್ಲ. ಸಾಮಾನ್ಯವಾಗಿ ಮನೆಗೆ ಇಂತಿಷ್ಟು ಅಂತ ಮಿತಿ ಇರುತ್ತದೆ. 1 ಕಿಲೋವ್ಯಾಟ್ ಅಂದರೆ ಲೈಟು, ಫ್ಯಾನು, ಫ್ರಿಜ್ಜು, ಟಿವಿ, ವೈಫೈ. ಗೀಸರ್ ಹಾಕಿದರೆ ಟ್ರಿಪ್ ಆಗುತ್ತದೆ. ಜನರೇಟರ್ ಯೂನಿಟ್‌ಗೆ ಬೆಸ್ಕಾಂ ಯೂನಿಟ್‌ನ ಹಲವು ಪಟ್ಟು ದರ ಹಾಕುವವರಿದ್ದಾರೆ. ಹಳೇ ಅಪಾರ್ಟ್‌ಮೆಂಟಿನಲ್ಲಿ ಮನೆಯೊಳಗೆ ಬ್ಯಾಕಪ್ ಇರಲಿಲ್ಲ. ಇನ್ವರ್ಟರ್, ಬ್ಯಾಟರಿ ಎರಡೂ ಸೇರಿ 22,000 ಆಯಿತು. ಮುಂದಿನ ಮನೆಗೂ ಅದು ನಮ್ಮ ಜೊತೆ ಬರುತ್ತದೆ. ಹಾಗೆಯೇ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯಾ ನೋಡಿಕೊಳ್ಳಿ. ಗೃಹಜ್ಯೋತಿಗೆ ಬಾಡಿಗೆದಾರರೂ ನೋಂದಾಯಿಸಬಹುದು, ಆದರೆ ಮೊದಲಿದ್ದವರು ತಮ್ಮ ಆಧಾರ್ ಡಿಲಿಂಕ್ ಮಾಡಿರಬೇಕು.

ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನನ್ನ ಮನಸ್ಸು ನಿಜವಾಗಿ ಎಳೆದದ್ದು ಮಕ್ಕಳು. ಸಂಜೆ ಆರು ಗಂಟೆಗೆ ಹೋದರೆ ಅಂಗಳದ ತುಂಬ ಮಕ್ಕಳು. ಒಂದೇ ಮಗು ಇರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಜೊತೆಗಾರರನ್ನು ಹೊರಗೆ ದುಡ್ಡು ಕೊಟ್ಟು ತರಲು ಆಗುವುದಿಲ್ಲ. ಇದಕ್ಕೆ ಹಾಳೆಯಲ್ಲಿ 3,000 ಅಂತ ಬರೆದೆ. ನಮ್ಮನೆಯವರು ಅದು ಕಡಿಮೆಯಾಯಿತು ಅಂದರು. ಆಮೇಲೆ ಅದೇ ಹೊತ್ತಿಗೆ ಹಳೇ ಅಪಾರ್ಟ್‌ಮೆಂಟಿಗೆ ಹೋದೆವು. ಅಲ್ಲಿ ಪ್ಲೇ ಏರಿಯಾ ಅನ್ನುವ ಬೋರ್ಡೇನೂ ಇಲ್ಲ. ಎರಡು ಬ್ಲಾಕ್ ನಡುವೆ ಕಾರು ನಿಲ್ಲಿಸದ ಒಂದು ಖಾಲಿ ಜಾಗ, ಒಂದು ಹೊಂಗೆ ಮರ, ಸಿಮೆಂಟ್ ಬೆಂಚು. ನಾಲ್ಕೈದು ಹುಡುಗಿಯರು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದುಕೊಂಡು ಆಡುತ್ತಿದ್ದರು. ಬೆಂಚಿನ ಮೇಲೆ ಇಬ್ಬರು ಅಜ್ಜಿಯರು ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅತ್ತೆ ಹೋಗಿ ಅವರ ಪಕ್ಕ ಕೂತು, 'ನಿಮ್ಮದು ಯಾವೂರು' ಅಂತ ಮಾತು ಶುರುಮಾಡಿಯೂ ಆಯಿತು. ಮಗಳು ಅಷ್ಟರಲ್ಲಿ ಆಟಕ್ಕೆ ಸೇರಿದ್ದಳು. ಮನೆ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗುವವರಿಗೆ ಇದು ಯಾವುದೂ ಕಾಣುವುದಿಲ್ಲ. ಸಂಜೆ ಒಮ್ಮೆ ಹೋಗಿ.

ಮನೆಯೊಳಗೆ ಬಂದರೆ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಕಪಾಟುಗಳಿಗೆ ಬಾಡಿಗೆ ಕೊಡಬಹುದು. ಅವನ್ನು ನಾವು ಮಾಡಿಸಿದರೆ ಬಿಟ್ಟುಹೋಗಬೇಕು. ಸೋಫಾ, ಟಿವಿ, ಫ್ರಿಜ್ಜಿಗೆ ತಿಂಗಳು ತಿಂಗಳು ಕೊಡುವುದು ನಮಗೆ ಸರಿ ಕಾಣಲಿಲ್ಲ. ತಿಂಗಳಿಗೆ 4,000 ಅಂತ ಇಟ್ಟರೂ ಎರಡು ವರ್ಷಕ್ಕೆ 96,000. ಆ ದುಡ್ಡಿಗೆ ಹೊಸದೇ ಬರುತ್ತದೆ, ನಮ್ಮದೇ ಆಗುತ್ತದೆ.

ಫೋಟೊದಲ್ಲಿ ಯಾರೂ ತೋರಿಸದ ಒಂದು ಜಾಗ ಯುಟಿಲಿಟಿ. ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಜಾಗ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅದು ಪೈಪುಗಳು ಹೋಗುವ ಕಿರಿದಾದ ಶಾಫ್ಟ್ ಕಡೆಗೆ ಇತ್ತು, ಬಿಸಿಲೇ ಬೀಳುತ್ತಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು ಅಂತ ಸಂಘದ ನಿಯಮ ಬೇರೆ. ಮಳೆಗಾಲದಲ್ಲಿ ಶಾಲೆ ಯೂನಿಫಾರಂ ಒಣಗಿಸಬೇಕಾದ ಎಲ್ಲ ಅಮ್ಮಂದಿರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಹಳೇ ಅಪಾರ್ಟ್‌ಮೆಂಟಿನ ಯುಟಿಲಿಟಿಗೆ ಪೂರ್ವದ ಬಿಸಿಲು, ಬಟ್ಟೆ ಹರವಲು ಎರಡು ತಂತಿ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಇರಲಿಲ್ಲ. ಬಾಡಿಗೆ ಇಳಿಸಿ ಅಂತ ಕೇಳುವ ಬದಲು ಜಾಲರಿ ಹಾಕಿಸಿಕೊಡಿ ಅಂತ ಓನರ್‌ನ ಕೇಳಿದೆವು, ಹಾಕಿಸಿಕೊಟ್ಟರು. ಅದು ಅವರ ಮನೆಗೇ ಉಳಿಯುವ ವಸ್ತು ಆದ್ದರಿಂದ ಒಪ್ಪುವುದು ಸುಲಭ.

ಮೇಂಟೆನೆನ್ಸ್ ಬಗ್ಗೆ ಇನ್ನೆರಡು ಮಾತು. ಇದನ್ನು ಸಾಮಾನ್ಯವಾಗಿ ಚದರ ಅಡಿ ಲೆಕ್ಕದಲ್ಲಿ ಹಾಕುತ್ತಾರೆ, ಅದೂ ಸೂಪರ್ ಬಿಲ್ಟ್‌ಅಪ್ ಮೇಲೆ. ಅಂದರೆ ಲಾಬಿ, ಮೆಟ್ಟಿಲು, ಕ್ಲಬ್ ಹೌಸಿನ ಪಾಲೂ ಅದರಲ್ಲಿ ಸೇರಿರುತ್ತದೆ. 1,200 ಚದರ ಅಡಿ ಅಂದ ಮನೆಯ ರೂಮುಗಳನ್ನು ಟೇಪ್ ಹಿಡಿದು ಅಳೆದರೆ ಒಳಗೆ ಸಿಗುವುದು ಎಷ್ಟೋ ಕಡಿಮೆ. ನಮ್ಮ ಎರಡೂ ಮನೆಗಳ ಬೆಡ್‌ರೂಮ್ ಹೆಚ್ಚುಕಮ್ಮಿ ಒಂದೇ ಅಳತೆ ಇದ್ದವು, ಕಾಗದದ ಮೇಲೆ ಮಾತ್ರ ದೊಡ್ಡ ಅಪಾರ್ಟ್‌ಮೆಂಟಿನ ಮನೆ ಬಹಳ ದೊಡ್ಡದಿತ್ತು. ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದರೆ 18% ಜಿಎಸ್‌ಟಿಯೂ ಬರುತ್ತದೆ. ಐಷಾರಾಮಿ ಅಪಾರ್ಟ್‌ಮೆಂಟು ನೋಡುತ್ತಿರುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಕೊನೆಗೆ ಹಾಳೆಯಲ್ಲಿ ಕೂಡಿಸಿದರೆ ದೊಡ್ಡ ಅಪಾರ್ಟ್‌ಮೆಂಟಿನ ಹೆಚ್ಚುವರಿ ಸೌಲಭ್ಯ ನಮ್ಮ ಮಟ್ಟಿಗೆ 5,000 ಕೂಡ ದಾಟಲಿಲ್ಲ. ಕೇಳುತ್ತಿದ್ದದ್ದು 10,000. ನೀರಿನ ವಿಷಯದಲ್ಲಂತೂ ಹಳೆಯದೇ ಮೇಲು. ಹಳೇ ಅಪಾರ್ಟ್‌ಮೆಂಟನ್ನೇ ಹಿಡಿದೆವು.

ಅಗ್ರಿಮೆಂಟ್ ಮಾಡುವಾಗ ಬಾಯಿಮಾತಲ್ಲಿ ಒಪ್ಪಿದ್ದನ್ನೆಲ್ಲ ಬರೆಸಿದೆವು. ಕಾರ್ ಪಾರ್ಕಿಂಗ್‌ನ ನಂಬರ್, ಸ್ಕೂಟರ್‌ಗೂ ಜಾಗ, ಮೇಂಟೆನೆನ್ಸ್ ಯಾರು ಕಟ್ಟಬೇಕು, ಟ್ಯಾಂಕರ್ ಖರ್ಚು ಬಂದರೆ ಯಾರ ಪಾಲು, ಮನೆ ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ. ಗೀಸರ್ ಮತ್ತು ಚಿಮಣಿ ಕೆಟ್ಟರೆ ರಿಪೇರಿ ಓನರ್‌ದು ಅಂತ ಒಂದು ಸಾಲು ಸೇರಿಸಿ ಅಂದಾಗ ಬ್ರೋಕರ್ ಸ್ವಲ್ಪ ಮುಖ ಸಣ್ಣ ಮಾಡಿದರು. ಓನರ್ ಮಾತ್ರ, 'ಬರೀರಿ, ಅದರಲ್ಲೇನಿದೆ' ಅಂದು ಸಹಿ ಹಾಕಿದರು.