ಜ್ಯೂರಿಗೆ ಓದಿದ ಸೂಚನೆ ತಪ್ಪಾಗಿದ್ದರೆ ಅಪೀಲು ಸಿದ್ಧಪಡಿಸುವುದು ಹೇಗೆ

ಅಮೆರಿಕದ ಕೋರ್ಟುಗಳಲ್ಲಿ ಜ್ಯೂರಿ (ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ) ಚರ್ಚೆಗೆ ಒಳಹೋಗುವ ಮುನ್ನ, ಯಾವ ಕಾನೂನಿನ ಪ್ರಕಾರ ತೀರ್ಮಾನಿಸಬೇಕೆಂದು ನ್ಯಾಯಾಧೀಶರು ಓದಿ ಹೇಳುತ್ತಾರೆ. ಅದಕ್ಕೆ ಸಮಿತಿಗಳು ಬರೆದಿಟ್ಟ ಮಾದರಿ ಸೂಚನೆಗಳಿವೆ. ಕ್ಯಾಲಿಫೋರ್ನಿಯಾದ ಕ್ರಿಮಿನಲ್ ಕೇಸುಗಳಲ್ಲಿ 2006ರಿಂದ ಬಳಕೆಯಲ್ಲಿರುವ ಕ್ಯಾಲ್‌ಕ್ರಿಮ್ ಅಂಥದ್ದೊಂದು. ಆದರೆ ಮಾದರಿ ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಅದೇ ಕಾನೂನಲ್ಲ. ಕಾಯ್ದೆಗೂ ಮಾದರಿಗೂ ತಾಳೆಯಾಗದಿದ್ದರೆ ಅಪೀಲು ಕೋರ್ಟು ಕಾಯ್ದೆಯನ್ನೇ ಹಿಡಿಯುತ್ತದೆ.

ಮೊದಲು ಗಡುವು: ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಅಪೀಲು ನೋಟಿಸಿಗೆ ಇರುವುದು 14 ದಿನ, ಸಿವಿಲ್‌ನಲ್ಲಿ ಸಾಮಾನ್ಯವಾಗಿ 30.

ಆಮೇಲೆ ಮೂರು ಪಠ್ಯಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ: ವಿಚಾರಣೆ ನಡೆದಾಗ ಜಾರಿಯಲ್ಲಿದ್ದ ಆವೃತ್ತಿಯ ಮಾದರಿ, ಜ್ಯೂರಿಗೆ ಕೊಟ್ಟ ಲಿಖಿತ ಪ್ರತಿ, ನ್ಯಾಯಾಧೀಶರು ಬಾಯಲ್ಲಿ ಓದಿದ್ದರ ಟ್ರಾನ್ಸ್‌ಕ್ರಿಪ್ಟ್. ಬಿಟ್ಟುಹೋದ, ಸೇರಿದ ಒಂದೊಂದು ಪದಕ್ಕೂ ಗುರುತು ಹಾಕಿ. ಒಂದೇ ಪದ ಕೇಸನ್ನು ತಿರುಗಿಸಬಲ್ಲದು. ಎನ್ರಾನ್ ಎಂಬ ಇಂಧನ ಕಂಪನಿಯ ದಾಖಲೆಗಳ ನಾಶಕ್ಕೆ ಸಂಬಂಧಿಸಿದ, ಅದರ ಲೆಕ್ಕಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ ವಿರುದ್ಧದ ಪ್ರಕರಣದಲ್ಲಿ, ಫೆಡರಲ್ ಅಪೀಲು ಕೋರ್ಟುಗಳಲ್ಲೊಂದಾದ ಐದನೇ ಸರ್ಕ್ಯೂಟ್‌ನ ಮಾದರಿಯಲ್ಲಿದ್ದ 'ಅಪ್ರಾಮಾಣಿಕವಾಗಿ' ಎಂಬ ಪದವನ್ನು ಸರ್ಕಾರ ಪಟ್ಟುಹಿಡಿದು ತೆಗೆಸಿ, 'ಅಡ್ಡಿಪಡಿಸು' ಎಂಬುದನ್ನು ಸೇರಿಸಿತು. ತಾನು ಮಾಡಿದ್ದು ಕಾನೂನುಬದ್ಧವೆಂದು ಸಂಸ್ಥೆ ಪ್ರಾಮಾಣಿಕವಾಗಿ ನಂಬಿದ್ದರೂ ದೋಷಿ ಎನ್ನಬಹುದೆಂದು ಜ್ಯೂರಿಗೆ ಹೇಳಲಾಯಿತು. ಏಳು ದಿನ ಚರ್ಚಿಸಿಯೂ ಒಮ್ಮತಕ್ಕೆ ಬಾರದ ಜ್ಯೂರಿ ಮತ್ತೆ ಮೂರು ದಿನ ಕೂತು ದೋಷಿ ಎಂದಿತು. 2005ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಒಮ್ಮತದಿಂದ ರದ್ದುಮಾಡಿತು.

ಅಲ್ಲಿ ಪ್ರತಿವಾದಿ ವಕೀಲರು ವಿಚಾರಣೆಯಲ್ಲೇ ಆಕ್ಷೇಪಿಸಿದ್ದರು. ಅನೇಕ ಅಪೀಲುಗಳು ಮುಗ್ಗರಿಸುವುದು ಹಾಗೆ ಆಕ್ಷೇಪಿಸದೆ ಇದ್ದುದರಿಂದಲೇ. ಫೆಡರಲ್ ಕ್ರಿಮಿನಲ್ ನಿಯಮ 30ರ ಪ್ರಕಾರ ಜ್ಯೂರಿ ಚರ್ಚೆಗೆ ಹೋಗುವ ಮೊದಲೇ ಯಾವ ಸಾಲು, ಯಾವ ಕಾರಣಕ್ಕೆ ತಪ್ಪು ಎಂದು ನಿರ್ದಿಷ್ಟವಾಗಿ ಹೇಳಿರಬೇಕು. 'ನಮ್ಮ ಆಕ್ಷೇಪವಿದೆ' ಎಂದಷ್ಟೇ ಹೇಳಿದರೆ ಸಾಲದು. ನ್ಯಾಯಾಧೀಶರ ಕೊಠಡಿಯಲ್ಲಿ ಸ್ಟೆನೋಗ್ರಾಫರ್ ಇಲ್ಲದಾಗ ಆಡಿದ ಮಾತು ದಾಖಲೆಯಲ್ಲಿ ಇರುವುದಿಲ್ಲ. ಆಮೇಲೆ ಕೋರ್ಟಿನಲ್ಲಿ ಅದನ್ನೇ ಮತ್ತೆ ಹೇಳಿ ದಾಖಲಿಸಬೇಕಿತ್ತು. ಆಕ್ಷೇಪವೇ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಒಲಾನೋ (1993) ತೀರ್ಪಿನ ಕಠಿಣ ದಾರಿಯೊಂದೇ ಉಳಿಯುತ್ತದೆ: ತಪ್ಪು ಇರಬೇಕು, ಅದು ಎದ್ದು ಕಾಣಬೇಕು, ಆರೋಪಿಯ ಮುಖ್ಯ ಹಕ್ಕಿಗೆ ಪೆಟ್ಟಾಗಿರಬೇಕು, ನ್ಯಾಯದಾನದ ಮೇಲಿನ ನಂಬಿಕೆಗೇ ಧಕ್ಕೆ ಬರುವಂತಿರಬೇಕು. ಆ ಸೂಚನೆಯನ್ನು ನಿಮ್ಮ ಕಡೆಯವರೇ ಕೇಳಿ ಓದಿಸಿಕೊಂಡಿದ್ದರೆ ಈ ದಾರಿಯೂ ಬಹುತೇಕ ಮುಚ್ಚಿದಂತೆಯೇ.

ತಪ್ಪು ತೋರಿಸಿದರೆ ಅರ್ಧ ಕೆಲಸ ಮಾತ್ರ. ದೋಷಿ ಎನ್ನಲು ಉಳಿದಿರಬಾರದ 'ಸಕಾರಣ ಸಂದೇಹ'ದ ವ್ಯಾಖ್ಯಾನವೇ ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಸುಪ್ರೀಂ ಕೋರ್ಟಿನ ಸುಲಿವನ್ (1993) ತೀರ್ಪಿನ ಪ್ರಕಾರ ತೀರ್ಪು ತಾನಾಗಿಯೇ ಬೀಳುತ್ತದೆ. ಆದರೆ ಅಪರಾಧ ಸಾಬೀತಾಗಲು ಬೇಕಾದ ಒಂದು ಅಂಶವನ್ನು ಹೇಳದೆ ಬಿಟ್ಟರೆ, ಅದೇ ಕೋರ್ಟಿನ ನೀಡರ್ (1999) ತೀರ್ಪಿನ ಪ್ರಕಾರ, ಅದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ತೋರಿಸಿ ಸರ್ಕಾರ ತೀರ್ಪನ್ನು ಉಳಿಸಿಕೊಳ್ಳಬಹುದು.

ಹಾಗಾಗಿ ಒಂದು ಸಾಲನ್ನಷ್ಟೇ ಕಿತ್ತು ತೋರಿಸಬೇಡಿ. ಕೋರ್ಟು ಎಲ್ಲ ಸೂಚನೆಗಳನ್ನೂ ಒಟ್ಟಿಗೆ ಓದುತ್ತದೆ. ಸೂಚನೆಯನ್ನು ಪೂರ್ತಿಯಾಗಿ, ದಾಖಲೆಯ ಸಂಪುಟ-ಪುಟ ಸಂಖ್ಯೆ ಸಮೇತ ಬ್ರೀಫಿನಲ್ಲಿ (ಕೋರ್ಟಿಗೆ ಸಲ್ಲಿಸುವ ಲಿಖಿತ ವಾದದಲ್ಲಿ) ಕೊಡಿ. ಪ್ರಾಸಿಕ್ಯೂಟರ್ ಕೊನೆಯ ವಾದದಲ್ಲಿ ಅದೇ ತಪ್ಪು ಸಾಲಿಗೆ ಒತ್ತುಕೊಟ್ಟರೇ ನೋಡಿ. ಚರ್ಚೆಯ ನಡುವೆ ಜ್ಯೂರಿ ಚೀಟಿ ಕಳಿಸಿ ಆ ಪದದ ಅರ್ಥವನ್ನೇ ಕೇಳಿದ್ದರೆ, ನಿಮ್ಮ ವಾದವನ್ನು ಆ ಚೀಟಿಯಿಂದಲೇ ಶುರುಮಾಡಿ.