ಬೆಳಗಿನ ಮೊದಲ ಸೆಲ್ಫ್‌ಗೆ ಎಂಜಿಬಿ ಹಿಡಿಯದಿದ್ದರೆ: ಮಾರ್ಪಡಿಸಿದ ಹಳೆಯ ಕಾರಿನ ತಪಾಸಣೆ

ಪುಣೆಯ ಜನವರಿಯಲ್ಲಿ ಬೆಳಗಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಕೆಲವು ದಿನಗಳಿರುತ್ತವೆ. ಅಂಥ ದಿನಗಳಲ್ಲಿ ಕೋಥ್ರೂಡಿನ ನಮ್ಮ ಕಟ್ಟಡದ ನೆಲಮಾಳಿಗೆಯಿಂದ ಸೆಲ್ಫ್ ಹೊಡೆಯುವ ಸದ್ದು ಮತ್ತೆ ಮತ್ತೆ ಕೇಳಿಬಂದರೆ, ಅದು ಧಾರವಾಡದಿಂದ ಬಂದು ಇಲ್ಲಿ ನೆಲೆಸಿರುವ ನನ್ನ ಗೆಳೆಯರ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂದು ನೆರೆಯವರಿಗೆಲ್ಲ ಗೊತ್ತಾಗುತ್ತಿತ್ತು. ಚಳಿಗೆ ಎಂಜಿನ್ ಹಿಡಿಯುತ್ತಿಲ್ಲ ಎಂಬುದು ಅವರ ವಾದವಾಗಿತ್ತು. ಆದರೆ ಈ ಕಾರು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದದ್ದು. ಹಿಮ ಬೀಳುವ ರಾತ್ರಿಯನ್ನು ಬಯಲಲ್ಲಿ ಕಳೆದು ಬೆಳಗ್ಗೆ ಕೆಲಸಕ್ಕೆ ಹೊರಡಬೇಕೆಂದೇ ಕಟ್ಟಿದ ವಾಹನಕ್ಕೆ ಪುಣೆಯ ಚಳಿ ಲೆಕ್ಕಕ್ಕೇ ಬರಬಾರದು. ಆದ್ದರಿಂದ, ಮಾರ್ಪಾಡು ಮಾಡುವಾಗ ಕಾರ್ಖಾನೆಯವರು ಇಟ್ಟಿದ್ದ ಯಾವ ಏರ್ಪಾಟನ್ನು ನಾವು ಕಿತ್ತುಹಾಕಿದೆವು ಎಂದು ಹುಡುಕುವುದೇ ಸರಿಯಾದ ದಾರಿ.

ಮೊದಲು ಒಂದು ಹಾಳೆಯ ಮೇಲೆ ಕಾರಿನಲ್ಲಿ ಬದಲಾಗಿರುವುದನ್ನೆಲ್ಲ ಬರೆದುಕೊಳ್ಳಬೇಕು: ಕಾರ್ಬುರೇಟರ್, ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್, ಪ್ಲಗ್ಗಿನ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್, ಸೆಲ್ಫ್ ಮೋಟರ್, ಗೇರ್‌ಬಾಕ್ಸ್, ಪ್ಲಗ್. ಮೂಲ ಕೈಪಿಡಿಯ ಅಳತೆಗಳು ಇವುಗಳಲ್ಲಿ ಎಷ್ಟಕ್ಕೆ ಇನ್ನೂ ಅನ್ವಯಿಸುತ್ತವೆ ಎಂಬುದು ಆಗ ತಿಳಿಯುತ್ತದೆ. ಇನ್ನೊಂದು ಮಾತನ್ನು ಮರೆಯಬಾರದು. ತಣ್ಣಗಿನ ಎಂಜಿನ್ ದಿನಕ್ಕೆ ಒಮ್ಮೆ ಮಾತ್ರ ಸಿಗುತ್ತದೆ. ಒಮ್ಮೆ ಹಿಡಿದು ಎರಡು ನಿಮಿಷ ಓಡಿದರೆ ಆ ದಿನದ ಪರೀಕ್ಷೆ ಮುಗಿದಂತೆ. ಒಂದು ಬೆಳಗ್ಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಡಬೇಕು. ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಬಿಡಿಭಾಗ), ಪ್ಲಗ್, ಟೈಮಿಂಗ್ (ಕಿಡಿ ಹಾರುವ ಸಮಯ) ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಕಾರು ಹಿಡಿದರೂ ಕಾರಣ ತಿಳಿಯುವುದಿಲ್ಲ.

ತಪಾಸಣೆಯನ್ನು ಕಾರ್ಬುರೇಟರಿನಿಂದ ಆರಂಭಿಸುವ ಅಭ್ಯಾಸ ನಮ್ಮಲ್ಲಿ ಬಹಳ, ಆರಂಭಿಸಬೇಕಾದದ್ದು ಬ್ಯಾಟರಿಯಿಂದ. ರಾತ್ರಿಯೆಲ್ಲ ನಿಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12.2 ಇದ್ದರೆ ಅರ್ಧ ಖಾಲಿಯಾಗಿದೆ ಎಂದೇ ಅರ್ಥ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿಬಿಯಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದೆ. ಅಲ್ಲಿಂದ ಸೆಲ್ಫ್ ಮೋಟರಿನವರೆಗೆ ಉದ್ದನೆಯ ಕೇಬಲ್ ಹಾದುಹೋಗುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಗೂ ಇನ್ನೊಂದನ್ನು ಸೆಲ್ಫ್ ಮೋಟರಿನ ಬೋಲ್ಟಿಗೂ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಿಸಿದರೆ ಕೇಬಲ್ ಅಥವಾ ಅದರ ಜೋಡಣೆ ಕೆಟ್ಟಿದೆ. ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಇದೇ ಪರೀಕ್ಷೆ ಮಾಡಿದರೆ 0.2 ಅಥವಾ 0.3 ವೋಲ್ಟಿನೊಳಗೆ ಇರಬೇಕು.

ಗೆಳೆಯರ ಕಾರಿನ ಮೊದಲ ದೋಷ ಸಿಕ್ಕಿದ್ದು ಇಲ್ಲಿಯೇ. ಐದು ಗೇರಿನ ಹೊಸ ಗೇರ್‌ಬಾಕ್ಸ್ ಕೂಡಿಸಿದ ಮೇಸ್ತ್ರಿ ಎಂಜಿನ್ನನ್ನು ಬಾಡಿಗೆ ಸೇರಿಸುವ ಹಳೆಯ ಅರ್ತಿಂಗ್ ಪಟ್ಟಿಯನ್ನು ಮರಳಿ ಹಾಕಿರಲಿಲ್ಲ. ರಬ್ಬರಿನ ಮೇಲೆ ಕುಳಿತ ಎಂಜಿನ್‌ನಿಂದ ಕರೆಂಟ್ ಬಾಡಿಗೆ ಹೋಗಲು ಬೇರೆ ದಾರಿಯಿಲ್ಲದೆ ಆಕ್ಸಿಲರೇಟರ್ ಕೇಬಲ್ಲನ್ನು ಹಿಡಿದಿತ್ತು. ನಾಲ್ಕನೆಯ ಸಲ ಸೆಲ್ಫ್ ಹೊಡೆದ ಮೇಲೆ ಕೇಬಲ್ಲಿನ ಹೊರಕವಚವನ್ನು ಮುಟ್ಟಿ ನೋಡಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಚಹಾದ ಲೋಟದಷ್ಟು ಬಿಸಿ. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಯಿಂದ ತಂದ ಒಂದು ಹೆಣೆದ ತಾಮ್ರದ ಪಟ್ಟಿಯಿಂದ ಸೆಲ್ಫ್ ಸದ್ದೇ ಬದಲಾಯಿತು.

ಸೆಲ್ಫ್ ಚುರುಕಾಗಿ ತಿರುಗಿದರೂ ಎಂಜಿನ್ ಹಿಡಿಯದಿದ್ದರೆ ಕೀಲಿಯನ್ನು ಬಿಡುವ ಕ್ಷಣವನ್ನು ಗಮನಿಸಬೇಕು. ಕೀಲಿ ಬಿಡುತ್ತಿದ್ದಂತೆಯೇ ಎಂಜಿನ್ ಒಮ್ಮೆ ಗುಡುಗುಟ್ಟಿ ಹಿಡಿಯುವಂತಿದ್ದರೆ, ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ರಬ್ಬರ್ ಬಂಪರಿನ ಎಂಜಿಬಿಗಳಲ್ಲಿ ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟೆನ್ಸ್ ತಂತಿ ವೈರಿಂಗಿನ ಒಳಗೇ ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಸೆಲ್ಫ್ ಹೊಡೆಯುವಾಗ ಮಾತ್ರ ಸೆಲ್ಫ್ ಮೋಟರಿನ ಸ್ವಿಚ್ಚಾದ ಸಾಲಿನಾಯ್ಡಿನ ಇನ್ನೊಂದು ತುದಿಯಿಂದ ಬ್ಯಾಟರಿಯ ಪೂರ್ಣ ಕರೆಂಟ್ ಕಾಯಿಲಿಗೆ ನೇರವಾಗಿ ಹೋಗುವಂತೆ ಏರ್ಪಾಟಿದೆ. ಹಗುರವಾದ ಹೊಸ ನಮೂನೆಯ ಕೆಲವು ಸೆಲ್ಫ್ ಮೋಟರುಗಳಲ್ಲಿ ಆ ತುದಿಯೇ ಇರುವುದಿಲ್ಲವಾದ್ದರಿಂದ, ಮಾರ್ಪಾಡಿನ ನಂತರ ಆ ತಂತಿ ಎಲ್ಲಿಯೂ ಸೇರದೆ ನೇತಾಡುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸೆಲ್ಫ್ ಹೊಡೆಯುವಾಗ ಹಿಡಿದ ಎಂಜಿನ್ ಕೀಲಿ ಬಿಟ್ಟೊಡನೆ ಸತ್ತರೆ ರೆಸಿಸ್ಟೆನ್ಸ್ ತಂತಿಯೇ ತುಂಡಾಗಿರಬಹುದು. ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಹಳೆಯ ಪಾಯಿಂಟುಗಳನ್ನೇ ಉಳಿಸಿಕೊಂಡಿದ್ದರೆ ಗ್ಯಾಪ್ 0.015 ಇಂಚು, ಪ್ಲಗ್ಗಿನದು 0.025 ಇಂಚು.

ಇನ್ನು ಪೆಟ್ರೋಲಿನ ವಿಷಯ. ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್ ತಣ್ಣಗಿದ್ದಾಗ ಅದರಲ್ಲಿ ಪೆಟ್ರೋಲು ಪೂರ್ತಿ ಆವಿಯಾಗದೆ ಗೋಡೆಗೆ ಅಂಟಿಕೊಳ್ಳುವುದರಿಂದ, ಸಿಲಿಂಡರಿಗೆ ಸಾಕಷ್ಟು ಆವಿ ತಲುಪಬೇಕಾದರೆ ಹೆಚ್ಚು ಸುರಿಯಲೇಬೇಕು. ಮೂಲದ ಎಸ್‌ಯು ಕಾರ್ಬುರೇಟರುಗಳಲ್ಲಿ ಚೋಕ್ ಎಳೆದಾಗ ಈ ಕೆಲಸ ನಡೆಯುತ್ತದೆ. ಅವುಗಳ ಜಾಗದಲ್ಲಿ ವೆಬರ್ ಡಿಸಿಒಇ ಎಂಬ ಎರಡು ಬ್ಯಾರೆಲ್ಲಿನ ಕಾರ್ಬುರೇಟರ್ ಕೂಡಿಸಿದವರು, ತಣ್ಣಗಿನ ಎಂಜಿನ್ ಹಿಡಿಸಲೆಂದು ಅದರಲ್ಲಿರುವ ವ್ಯವಸ್ಥೆಗೆ ಕೇಬಲ್ ಜೋಡಿಸುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ. ಜೋಡಿಸಿದ್ದರೂ ಅದು ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ತೆರೆಯುವ ಗಾಳಿಯ ಮುಚ್ಚಳ) ಮುಚ್ಚಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಕೇಬಲ್ ಎಳೆದು ಆಕ್ಸಿಲರೇಟರನ್ನೂ ತುಳಿದರೆ ಅದರ ಪ್ರಯೋಜನ ಹೋಯಿತು. ಕೇಬಲ್ ಇಲ್ಲದಿದ್ದರೆ ಕ್ರಮವೇ ಬೇರೆ. ಕೀಲಿ ತಿರುಗಿಸಿ, ಹಿಂಭಾಗದ ಎಲೆಕ್ಟ್ರಿಕ್ ಪಂಪಿನ ಟಿಕ್ ಟಿಕ್ ಸದ್ದು ನಿಧಾನವಾಗುವವರೆಗೆ ಕಾಯಬೇಕು. ವಾರಗಟ್ಟಲೆ ನಿಂತ ಕಾರಿನಲ್ಲಿ ಕಾರ್ಬುರೇಟರಿನ ಪೆಟ್ರೋಲು ನಿಲ್ಲುವ ಫ್ಲೋಟ್ ಚೇಂಬರ್ ಒಣಗಿರುತ್ತದೆ. ಆಮೇಲೆ ಆಕ್ಸಿಲರೇಟರನ್ನು ಮೂರು ನಾಲ್ಕು ಸಲ ಪೂರ್ತಿ ತುಳಿದು ಬಿಟ್ಟು ಸೆಲ್ಫ್ ಹೊಡೆಯಬೇಕು.

ಹೀಗೆ ತುಳಿದಾಗ ಪೆಟ್ರೋಲು ನಿಜವಾಗಿಯೂ ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು. ಕೀಲಿ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು, ಟಾರ್ಚ್ ಹಿಡಿದು, ಥ್ರಾಟಲನ್ನು ಕೈಯಿಂದ ತೆರೆದರೆ ಎರಡೂ ಬ್ಯಾರೆಲ್ಲುಗಳಲ್ಲಿ ಸೂಜಿಯಷ್ಟು ತೆಳುವಾದ, ತುಂಡಾಗದ ಧಾರೆ ಕಾಣಬೇಕು. ಗೆಳೆಯರ ಕಾರಿನಲ್ಲಿ ಒಂದರಲ್ಲಿ ಧಾರೆಯಿತ್ತು, ಇನ್ನೊಂದರಲ್ಲಿ ಅಂಚಿನಲ್ಲೊಂದು ಹನಿ ಮಾತ್ರ ಮೂಡುತ್ತಿತ್ತು. ಈ ಧಾರೆ ಹೊರಬೀಳುವ ಪಂಪ್ ಜೆಟ್ಟಿನಲ್ಲಿ ಒಣಗಿ ಗಟ್ಟಿಯಾದ ಪೆಟ್ರೋಲಿನ ಅಂಟು ಕುಳಿತಿತ್ತು. ಅದನ್ನು ತಂತಿಯಿಂದ ಚುಚ್ಚಬಾರದು, ತೂತು ದೊಡ್ಡದಾಗುತ್ತದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿಯಿಂದ ಊದಬೇಕು.

ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಥನಾಲ್ ಆವಿಯಾಗಲು ಹೆಚ್ಚು ಶಾಖ ಬೇಕು, ಅದು ನೀರನ್ನೂ ಹೀರಿಕೊಳ್ಳುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಸರಿಹೋದರೆ, ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಅಂದರೆ ಹಳೆಯ ಲೆಕ್ಕದಲ್ಲಿ ಆರಿಸಿದ ಐಡಲ್ ಜೆಟ್ ಈಗ ಸಣ್ಣದಾಗಿರುತ್ತದೆ. ಒಂದು ಅಳತೆ ದೊಡ್ಡ ಜೆಟ್ ಹಾಕಿ ನೋಡುವುದು ತಪ್ಪಲ್ಲ. ಹಳೆಯ ರಬ್ಬರ್ ಪೈಪುಗಳನ್ನಂತೂ ಎಥನಾಲ್ ತಡೆಯುವಂಥವುಗಳಿಗೆ ಬದಲಿಸಲೇಬೇಕು, ಅದರಲ್ಲೂ ಕಾರು ನೆಲಮಾಳಿಗೆಯಲ್ಲಿ ನಿಲ್ಲುವುದಾದರೆ.

ಪ್ಲಗ್ ಬಿಚ್ಚಿದಾಗ ಒದ್ದೆಯಾಗಿದ್ದರೆ ಓವರ್‌ಫ್ಲೋ ಆಗಿದೆ. ಪ್ಲಗ್ಗುಗಳನ್ನು ಒಣಗಿಸಿ ಹಾಕಿ, ಆಕ್ಸಿಲರೇಟರನ್ನು ತಳದವರೆಗೆ ಒತ್ತಿಹಿಡಿದು, ಮತ್ತೆ ಮತ್ತೆ ತುಳಿಯದೆ ಸೆಲ್ಫ್ ಹೊಡೆಯಬೇಕು. ರೇಸಿಗೆಂದು ತಣ್ಣನೆಯ ದರ್ಜೆಯ (ಶಾಖವನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಹಾಕಿದ್ದರೆ ಊರೊಳಗಿನ ಓಡಾಟಕ್ಕೆ ಮೂಲದ ದರ್ಜೆಗೆ ಮರಳುವುದು ಲೇಸು. ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷ ಬಿಡಬೇಕು. ಇಷ್ಟೆಲ್ಲ ಸರಿಯಿದ್ದು, ಎಂಜಿನ್ ಹಿಡಿದ ಮೇಲೂ ಮೊದಲ ಎರಡು ನಿಮಿಷ ಕುಂಟುತ್ತಿದ್ದರೆ ಅದು ರೇಸಿಂಗ್ ಕ್ಯಾಮ್‌ಶಾಫ್ಟಿನ ಸ್ವಭಾವ. ಆಗ 1500 ಆರ್‌ಪಿಎಂ ಸುಮಾರಿಗೆ ಕಾಲಿನಲ್ಲೇ ಹಿಡಿದು ನಿಲ್ಲಿಸಿಕೊಳ್ಳುವುದರ ಹೊರತು ಬೇರೆ ರಿಪೇರಿ ಇಲ್ಲ.