ರೇಡಿಯೊ ಇಂಗ್ಲಿಷಿನ ಉಚ್ಚಾರಣೆ: ಅರ್ಧ ಮನೆಯಲ್ಲಿ, ಅರ್ಧ ತರಗತಿಯಲ್ಲಿ

ಪೈಲಟ್‌ಗಳೂ ವಿಮಾನ ಸಂಚಾರ ನಿಯಂತ್ರಕರೂ ರೇಡಿಯೊದಲ್ಲಿ ಆಡುವ ಇಂಗ್ಲಿಷನ್ನು ಕಲಿಸುವಾಗ, ಕೇಳಿ ಅನುಕರಿಸುವುದು ಮನೆಯಲ್ಲಿ, ತಿದ್ದುವುದು ತರಗತಿಯಲ್ಲಿ. ಇದು ತಲೆಕೆಳಗಾದರೆ ಪಾಠದ ಹೊತ್ತೆಲ್ಲ ಆಡಿಯೊ ಕೇಳುವುದರಲ್ಲೇ ಮುಗಿಯುತ್ತದೆ.

ಮೊದಲ ವಾರ ಬರೀ ಅಂಕಿಗಳು. ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಕ್ರಮದಲ್ಲಿ 3 ‘ಟ್ರೀ’, 5 ‘ಫೈಫ್’, 9 ‘ನೈನರ್’, ಸಾವಿರ ‘ಟೌಸಂಡ್’. ಗದ್ದಲದಲ್ಲಿ ‘ಫೈವ್’, ‘ನೈನ್’ ಒಂದೇ ಥರ ಕೇಳಿಸಬಹುದು, ಅದಕ್ಕೇ ಈ ಏರ್ಪಾಡು. ಸಾಮಾನ್ಯ ಉಚ್ಚಾರಣೆ ಆ್ಯಪ್‌ಗಳು ‘ಟ್ರೀ’ಯನ್ನು ತಪ್ಪೆಂದು ಗುರುತಿಸಬಹುದು, ಅವುಗಳ ಅಂಕ ನಂಬಬೇಡಿ.

ದಿನಕ್ಕೆ 10 ನಿಮಿಷ ಸಾಕು. ವಿದ್ಯಾರ್ಥಿ ಒಂದು ಕ್ಲಿಯರೆನ್ಸ್ (ನಿಯಂತ್ರಕರು ಕೊಡುವ ಅನುಮತಿ) ಕೇಳಿ, ರೀಡ್‌ಬ್ಯಾಕನ್ನು, ಅಂದರೆ ಅದನ್ನೇ ಮರಳಿ ಹೇಳುವುದನ್ನು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ಐದು ಸಲ ಹೇಳಿ ಚೆಂದದ್ದನ್ನು ಆರಿಸಿದ್ದಲ್ಲ, ಮೊದಲ ಯತ್ನವೇ ಬೇಕು.

ತರಗತಿಯಲ್ಲಿ ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಎಂಜಿನ್ ಸದ್ದು ಹಾಕಿ. ತುಟಿ ಕಾಣದಾಗಲೇ ನುಂಗಿದ ವ್ಯಂಜನಗಳು ಬಯಲಾಗುವುದು. ಒಬ್ಬರು ‘ಡಿಸೆಂಡ್ ಟು ಫ್ಲೈಟ್ ಲೆವೆಲ್ ವನ್ ಫೈಫ್ ಝೀರೋ’ (ಎತ್ತರದ ಮಟ್ಟ 150ಕ್ಕೆ ಇಳಿಯಿರಿ) ಎಂದದ್ದನ್ನು ಇನ್ನೊಬ್ಬರು ಬರೆದುಕೊಳ್ಳಲಿ. ಬರೆದ ಅಂಕಿ ತಪ್ಪಿದರೆ ಅಲ್ಲೇ ತಿದ್ದಿ. ವೇಗ ನಿಮಿಷಕ್ಕೆ 100 ಪದ ಮೀರಬಾರದು. ನಿರರ್ಗಳ ಇಂಗ್ಲಿಷಿನವರೇ ಇಲ್ಲಿ ಹೆಚ್ಚು ಎಡವುವುದು!

ತಾಯ್ನುಡಿಯ ಛಾಯೆ ಅಳಿಸಲು ಹೋಗಬೇಡಿ. ಐಸಿಎಒ ಭಾಷಾ ಸಾಮರ್ಥ್ಯ ಪಟ್ಟಿಯ 4ನೇ ಹಂತದಲ್ಲೂ ಅದಕ್ಕೆ ಅವಕಾಶವಿದೆ. ಅರ್ಥವಾಗಲು ಅದು ಕೆಲವೊಮ್ಮೆಯಷ್ಟೇ ಅಡ್ಡಿಯಾಗಬಹುದು. ಆದರೆ ಆರು ಕೌಶಲಗಳಲ್ಲಿ ಅತಿ ಕಡಿಮೆ ಬಂದದ್ದೇ ಒಟ್ಟು ಹಂತ. ಉಚ್ಚಾರಣೆ 3ರಲ್ಲಿ ನಿಂತರೆ ಉಳಿದ ಐದರಲ್ಲಿ 5 ಬಂದರೂ ಫಲಿತಾಂಶ 3.